ವರ್ಣಗುರು ಯೋಹಾನೆಸ್ ಇಟ್ಟನ್

ಬಣ್ಣಕ್ಕೆ ಮರುಳಾಗದವರು ಲೋಕದಲ್ಲಿ ವಿರಳ. ಈಗಂತೂ ಬಟ್ಟೆಯ ಬಣ್ಣವನ್ನಷ್ಟೇ ಅಲ್ಲದೆ ಕೂದಲಿನ ಬಣ್ಣವನ್ನೂ ಆರಿಸಿಕೊಳ್ಳುವ ಕಾಲ. ಮನುಷ್ಯರನ್ನು ವಸಂತ, ಗ್ರೀಷ್ಮ, ಶರತ್, ಶಿಶಿರ ಎಂದು ನಾಲ್ಕು ಋತುಗಳಾಗಿ ವಿಂಗಡಿಸಿ, ಇಂಥವರ ಮುಖಕ್ಕೆ ಇಂಥ ಕೇಶವರ್ಣವು ಒಪ್ಪುವುದೆಂದು ಹೇಳುವ ಒಂದು ವಿದ್ಯೆಯೇ ಹುಟ್ಟಿಕೊಂಡಿದೆ. ಅದರ ಮೂಲವನ್ನು ಹುಡುಕುತ್ತ ಹೋದರೆ ನಾವು ತಲುಪುವುದು ತನ್ನ ತಲೆಯನ್ನೇ ನುಣ್ಣಗೆ ಬೋಳಿಸಿಕೊಂಡಿದ್ದ ಒಬ್ಬ ಉಪಾಧ್ಯಾಯನ ಬಳಿಗೆ. ಆತನೇ ಯೋಹಾನೆಸ್ ಇಟ್ಟನ್.

ಇಟ್ಟನ್ 1888ನೆಯ ಇಸವಿ ನವೆಂಬರ್ 11ರಂದು ಸ್ವಿಟ್ಸರ್ಲೆಂಡಿನ ಒಂದು ಹಳ್ಳಿಯಲ್ಲಿ ಜನಿಸಿದನು. ಮೊದಲು ಪ್ರಾಥಮಿಕ ಶಾಲೆಯ ಉಪಾಧ್ಯಾಯನಾಗಲು ತರಬೇತಿ ಹೊಂದಿ ಕೆಲಕಾಲ ಮಕ್ಕಳಿಗೆ ಪಾಠ ಹೇಳಿದನು. ಬಳಿಕ ಜರ್ಮನಿಯ ಸ್ಟುಟ್‌ಗಾರ್ಟಿಗೆ ತೆರಳಿ ಅಡಾಲ್ಫ್ ಹೋಲ್ಜೆಲ್ ಎಂಬ ಚಿತ್ರಕಾರನಲ್ಲಿ ವರ್ಣಶಾಸ್ತ್ರವನ್ನು ಅಭ್ಯಾಸ ಮಾಡಿದನು. 1916ರಲ್ಲಿ ವಿಯೆನ್ನಾ ನಗರದಲ್ಲಿ ಸ್ವಂತ ಕಲಾಶಾಲೆಯನ್ನು ತೆರೆದನು. 1919ರಲ್ಲಿ ವಾಲ್ಟರ್ ಗ್ರೋಪಿಯಸ್ ವೈಮಾರಿನಲ್ಲಿ ಬೌಹೌಸ್ ಎಂಬ ಪ್ರಸಿದ್ಧ ಕಲಾಶಾಲೆಯನ್ನು ಸ್ಥಾಪಿಸಿದಾಗ ಇಟ್ಟನ್ನನನ್ನು ಅಲ್ಲಿಗೆ ಕರೆಸಿಕೊಂಡನು. ಹೊಸ ವಿದ್ಯಾರ್ಥಿಗಳ ಪ್ರಾರಂಭದ ಶಿಕ್ಷಣವು ಇವನ ಪಾಲಿಗೆ ಬಂದಿತು. ಸನ್ಯಾಸಿಯಂತೆ ನಿಲುವಂಗಿ ತೊಟ್ಟು, ಮೊದಲು ವಿದ್ಯಾರ್ಥಿಗಳಿಂದ ಉಸಿರಾಟದ ಅಭ್ಯಾಸ ಮಾಡಿಸಿ, ಆಮೇಲೆ ಕುಂಚ ಹಿಡಿಸುತ್ತಿದ್ದನು. 1922ರ ಡಿಸೆಂಬರಿನಲ್ಲಿ ಬೌಹೌಸಿನ ಚಿತ್ರಗಳು ಕಲಕತ್ತೆಯ ಪ್ರದರ್ಶನಕ್ಕೆ ಬಂದಾಗ ಅವುಗಳಲ್ಲಿ ಇಟ್ಟನ್ನನ ಕೃತಿಗಳೂ ಇದ್ದವು.

ಗುಣವನ್ನು ಹೇಳುವಾಗ ದೋಷವನ್ನು ಮರೆಮಾಚುವುದು ಜೀವನಚರಿತ್ರೆಗೆ ಭೂಷಣವಲ್ಲ. ಇಟ್ಟನ್ ಮಜ್ದಾಜ್ನಾನ್ ಎಂಬ ಪಂಥದ ಅನುಯಾಯಿಯಾಗಿದ್ದನು. ಬಿಳಿಯ ಜನಾಂಗವೇ ಶ್ರೇಷ್ಠವೆಂಬ ಭಾವನೆಯು ಆ ಪಂಥದ ಬೋಧನೆಯಲ್ಲಿ ಬೆರೆತಿತ್ತು. ಇಟ್ಟನ್ನನೂ ಅದರಿಂದ ಮುಕ್ತನಾಗಿರಲಿಲ್ಲ. ಗ್ರೋಪಿಯಸ್ಸನೊಡನೆ ಭಿನ್ನಾಭಿಪ್ರಾಯ ಬೆಳೆದು 1923ರಲ್ಲಿ ಬೌಹೌಸನ್ನು ಬಿಟ್ಟನು. 1926ರಲ್ಲಿ ಬರ್ಲಿನ್ನಿನಲ್ಲಿ ಮತ್ತೆ ಸ್ವಂತ ಶಾಲೆ ತೆರೆದನು.

ಅವನ ಕೀರ್ತಿಗೆ ಕಾರಣವಾದ ಘಟನೆಯು ನಡೆದದ್ದು 1928ರಲ್ಲಿ. ಒಂದು ದಿನ ತರಗತಿಯಲ್ಲಿ, ಶಾಸ್ತ್ರದ ಪ್ರಕಾರ ಪರಸ್ಪರ ಹೊಂದುವ ಕೆಲವು ಬಣ್ಣಗಳನ್ನು ಕೊಟ್ಟು ಚಿತ್ರಿಸಲು ಹೇಳಿದನು. ಸ್ವಲ್ಪ ಹೊತ್ತಿನಲ್ಲಿಯೇ ವಿದ್ಯಾರ್ಥಿಗಳು ಚಡಪಡಿಸತೊಡಗಿದರು. ಆ ಬಣ್ಣಗಳು ಹೊಂದುವುದೇ ಇಲ್ಲವೆಂಬುದು ಅವರ ದೂರು. ಬೇರೆ ಗುರುವಾಗಿದ್ದರೆ ಗದರಿಸುತ್ತಿದ್ದನೇನೋ. ಇಟ್ಟನ್ ಮಾತ್ರ, ನಿಮಗೆ ಹೊಂದಿತೆಂದು ತೋರುವುದನ್ನೇ ಬರೆಯಿರೆಂದನು. ಬರೆದು ಮುಗಿಸಿದಾಗ ಒಬ್ಬರ ಹಾಳೆಯಂತೆ ಇನ್ನೊಬ್ಬರದಿರಲಿಲ್ಲ. ಆದರೆ ಆಯಾ ಹಾಳೆಯ ಬಣ್ಣಗಳಿಗೂ ಅದನ್ನು ಬರೆದವರ ಕೂದಲು, ಕಣ್ಣು, ಚರ್ಮಗಳ ಬಣ್ಣಕ್ಕೂ ಒಂದು ನಂಟಿರುವುದು ಅವನ ಕಣ್ಣಿಗೆ ಬಿತ್ತು. ಹೊಂಗೂದಲಿನವರು ತಿಳಿಯಾದ, ಶುದ್ಧವಾದ ಬಣ್ಣಗಳತ್ತ ಒಲಿದಿದ್ದರೆ, ಕರಿಗೂದಲಿನವರ ಚಿತ್ರಗಳಲ್ಲಿ ಕಪ್ಪಿಗೆ ಪ್ರಾಧಾನ್ಯವಿತ್ತು.

ನಾಜಿಗಳ ಆಡಳಿತದಲ್ಲಿ, 1934ರಲ್ಲಿ, ಬರ್ಲಿನ್ನಿನ ಶಾಲೆ ಮುಚ್ಚಿತು. 1938ರಲ್ಲಿ ಇಟ್ಟನ್ ಜ್ಯೂರಿಕ್ ನಗರವನ್ನು ಸೇರಿ, 1954ರವರೆಗೆ ಅಲ್ಲಿನ ಕಲಾಶಾಲೆಯ ನಿರ್ದೇಶಕನಾಗಿದ್ದನು. 1961ರಲ್ಲಿ ಪ್ರಕಟವಾದ ಅವನ ವರ್ಣಕಲೆಯ ಗ್ರಂಥದಲ್ಲಿ ಹನ್ನೆರಡು ಬಣ್ಣಗಳ ಚಕ್ರ, ಏಳು ಬಗೆಯ ವೈದೃಶ್ಯ, ನಾಲ್ಕು ಋತುಗಳ ಬಣ್ಣಗಳು ಎಲ್ಲವೂ ಇವೆ. 1967ರಲ್ಲಿ ಅವನು ತೀರಿಕೊಂಡನು. ಮುಂದೆ 1980ರಲ್ಲಿ ಅಮೆರಿಕದ ಕ್ಯಾರೊಲ್ ಜ್ಯಾಕ್ಸನ್ ಎಂಬಾಕೆ ಬರೆದ ಪುಸ್ತಕದಿಂದ ಋತುವಿಂಗಡಣೆಯು ಮನೆಮಾತಾಯಿತು.

ಈ ವಿಂಗಡಣೆಯ ಸಾರವಿಷ್ಟೆ: ಮೈಬಣ್ಣದೊಳಗೆ ಹಳದಿಯ ಛಾಯೆ ಇದ್ದರೆ ವಸಂತ ಅಥವಾ ಶರತ್, ನೀಲಿ ಅಥವಾ ಗುಲಾಬಿಯ ಛಾಯೆ ಇದ್ದರೆ ಗ್ರೀಷ್ಮ ಅಥವಾ ಶಿಶಿರ. ಮೊದಲಿನವರಿಗೆ ಕೆಂಚು, ತಾಮ್ರ, ಹೊನ್ನಿನ ಛಾಯೆಯ ಕೂದಲೂ, ಎರಡನೆಯವರಿಗೆ ಅಪ್ಪಟ ಕಪ್ಪು ಅಥವಾ ಬೂದಿಗಂದು ಕೂದಲೂ ಒಪ್ಪುವುವೆಂದು ಹೇಳುತ್ತಾರೆ. ನಮ್ಮ ಮದರಂಗಿಯನ್ನೇ ನೋಡಿರಿ. ಕಪ್ಪು ಕೂದಲಿನ ಮೇಲೆ ಅದು ಬಿಸಿಲಿಗೆ ಮಾತ್ರ ಕಾಣುವ ಕೆಂಪನ್ನು ಕೊಡುತ್ತದೆ. ನರೆತ ಕೂದಲನ್ನು ಕಿತ್ತಳೆಯಾಗಿಸುತ್ತದೆ. ನೀಲಿ ಗಿಡದ ಎಲೆಯ ಪುಡಿಯೂ ಸೇರಿದರೆ ಕಪ್ಪಾಗಿಸುತ್ತದೆ. ಯಾವುದು ತನಗೆ ಒಪ್ಪುವುದೆಂದು ತಿಳಿಯಲು ಬೆಳಕಿರುವ ಕಿಟಕಿಯ ಬಳಿ ಕುಳಿತು, ಆ ಬಣ್ಣಗಳ ಬಟ್ಟೆಯನ್ನು ಒಂದೊಂದಾಗಿ ಗಲ್ಲದ ಕೆಳಗೆ ಹಿಡಿದು ನೋಡಿದರೆ ಸಾಕು. ಯಾವುದನ್ನು ಹಿಡಿದಾಗ ಬಟ್ಟೆಗಿಂತ ಮುಖವೇ ಮೊದಲು ಕಾಣುವುದೋ ಅದೇ ಒಪ್ಪುವ ಬಣ್ಣ.

ಆದರೆ ಜ್ಯಾಕ್ಸನ್ನಳ ಪುಸ್ತಕವು ಏಷ್ಯದವರಲ್ಲಿಯೂ ಕಪ್ಪು ಜನರಲ್ಲಿಯೂ ಬಹುಮಂದಿಯನ್ನು ಶಿಶಿರವೆಂಬ ಒಂದೇ ಗುಂಪಿಗೆ ಸೇರಿಸಿತು. ನಮಗಿರುವುದು ಆರು ಋತು. ಅವುಗಳಲ್ಲಿ ಮಳೆಗಾಲವೇ ನಮ್ಮ ಬ್ಯಾಕೋಡಿನ ಸೀಮೆಗೆ ದೊಡ್ಡದು. ಆ ಪಟ್ಟಿಯಲ್ಲಿ ಅದಕ್ಕೆ ಸ್ಥಳವೇ ಇಲ್ಲ. ನಮ್ಮ ತರಗತಿಯೊಂದರಲ್ಲಿಯೇ ಗೋಧಿಬಣ್ಣ, ಎಣ್ಣೆಗೆಂಪು, ನಸುಗಪ್ಪು, ಕಡುಗಪ್ಪು ಎಂದು ಎಷ್ಟು ಛಾಯೆಗಳಿಲ್ಲ! ನಮ್ಮ ಸಾಗರದ ಸೀಮೆಯ ದೀವರ ಹೆಣ್ಣುಮಕ್ಕಳು ಯಾವ ಪಟ್ಟಿಯನ್ನೂ ನೋಡದೆಯೇ ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಯ ಬಿಳುಪಿನಿಂದ ಹಸೆ ಚಿತ್ತಾರ ಬರೆಯುತ್ತ ಬಂದಿದ್ದಾರೆ. ಅಲ್ಲಿ ಕೆಂಪಿನಿಂದ ಬಿಳುಪಿಗೂ ಬಿಳುಪಿನಿಂದ ಕೆಂಪಿಗೂ ಶೋಭೆ. ಒಂದು ಮೇಲು, ಇನ್ನೊಂದು ಕೀಳೆಂಬುದಿಲ್ಲ.

ನಮ್ಮಲ್ಲಿ ಬಣ್ಣ ಆರಿಸುವಾಗ ಕೇಳುವ ಪ್ರಶ್ನೆಯು ಸಾಮಾನ್ಯವಾಗಿ ಒಂದೇ: ಇದರಿಂದ ಬೆಳ್ಳಗೆ ಕಾಣುವೆನೆ? ಕಪ್ಪಗಿರುವ ಹುಡುಗಿಯು ಚಿಕ್ಕಂದಿನಿಂದಲೂ ಇದನ್ನು ಕೇಳಿ ಕೇಳಿ ಎಷ್ಟೋ ಬಣ್ಣಗಳು ತನ್ನವಲ್ಲವೆಂದು ನಂಬಿಬಿಡುತ್ತಾಳೆ. ಇಟ್ಟನ್ನನ ಪಂಥದ ಮಾತನ್ನು ನಾವು ಬಿಟ್ಟುಬಿಡಬೇಕು; ಅವನು ಅಂದು ತರಗತಿಯಲ್ಲಿ ಮಾಡಿದ್ದನ್ನು ಉಳಿಸಿಕೊಳ್ಳಬೇಕು. ಶಾಸ್ತ್ರಕ್ಕೆ ಶಿಷ್ಯರು ಒಪ್ಪದಿದ್ದಾಗ ಅವನು ಶಿಷ್ಯರನ್ನು ತಿದ್ದಲಿಲ್ಲ, ಅವರ ಮುಖವನ್ನು ನೋಡಿದನು. ಕೂದಲಿಗೆ ಬಣ್ಣ ಹಾಕುವವರೂ ಹಾಕದಿರುವವರೂ ಅವನಿಂದ ಕಲಿಯಬೇಕಾದ ಪಾಠವಿದು.