ಮಾಸ್ತಿ ಕೆಲಸ ಬಿಟ್ಟ ವರ್ಷ

ಹೋದ ನವೆಂಬರ್‌ನಲ್ಲಿ ನಮ್ಮ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಒಬ್ಬ ಹಳೇ ಸೀನಿಯರ್ ಬಂದಿದ್ರು. ಮಾಲೂರಿನ ಕಡೆಯವರು. ಓದುವಾಗ ಈ ಪತ್ರಿಕೆಯ ಪ್ರತಿ ಸಂಚಿಕೆಗೂ ಒಂದು ಕವಿತೆ ಕೊಡ್ತಿದ್ದರಂತೆ. ಪ್ಲೇಸ್‌ಮೆಂಟ್‌ನಲ್ಲಿ ಒಳ್ಳೇ ಕಂಪನಿ ಸಿಕ್ಕಿತ್ತು. ವೇದಿಕೆ ಮೇಲೆ ಒಂದು ಕವಿತೆ ಓದಿ ಅಣ್ಣಾ ಅಂತ ನಾವು ಕೇಳಿದ್ವಿ. ಕೆಲಸಕ್ಕೆ ಸೇರಿದ ಮೇಲೆ ಒಂದು ಸಾಲೂ ಬರೆದಿಲ್ಲ ಅಂದ್ರು.

ಕಾರ್ಯಕ್ರಮ ಮುಗಿದು ಕ್ಯಾಂಟೀನ್‌ನಲ್ಲಿ ಟೀ ಕುಡೀತಾ ಕೂತಾಗ ನಿಧಾನಕ್ಕೆ ಹೇಳಿದ್ರು. ಅವರು ರಾತ್ರಿ ಕೂತು ಬರೆದ ಕೋಡನ್ನು ಮೇಲಿನವರು ತಮ್ಮ ಹೆಸರಲ್ಲಿ ತೋರಿಸ್ತಾರೆ. ತಪ್ಪಾದರೆ ಮಾತ್ರ ಹೆಸರು ಇವರದ್ದು, ಅದೂ ಎಲ್ಲರ ಎದುರಿಗೆ. ಇವರೇ ಕೆಲಸ ಕಲಿಸಿದ ಹುಡುಗನಿಗೆ ಬಡ್ತಿ ಸಿಕ್ತು, ಇವರಿಗೆ ಇಲ್ಲ. ಒಂದೂವರೆ ವರ್ಷದಿಂದ ಒಂದು ಮಾತೂ ಆಡಿಲ್ಲ. ಆಫೀಸಿನಲ್ಲಿ ನುಂಗಿಕೊಂಡಿದ್ದು ಮನೆಯಲ್ಲಿ ಸಿಟ್ಟಾಗಿ ಹೊರಗೆ ಬರುತ್ತೆ. ಭಾನುವಾರ ಸಂಜೆ ಆದ್ರೆ ಹೊಟ್ಟೆ ಕಿವುಚುತ್ತೆ. ಅಮ್ಮ ಫೋನ್ ಮಾಡಿದ್ರೆ ಮೀಟಿಂಗ್ ಇದೆ ಅಂತ ಸುಳ್ಳು ಹೇಳ್ತಾರೆ.

ಅವತ್ತು ನಾವು ಅವರಿಗೆ ಏನೂ ಸಮಾಧಾನ ಹೇಳೋಕಾಗಲಿಲ್ಲ. ನಾವಿನ್ನೂ ಎರಡನೇ ವರ್ಷದವರು, ಸಂಬಳ ಅನ್ನೋದನ್ನೇ ನೋಡಿಲ್ಲ. ಆದ್ರೆ ಅವರು ಹೋದಮೇಲೆ ಅವರದೇ ತಾಲ್ಲೂಕಿನ ಇನ್ನೊಬ್ಬರು ನೆನಪಾದರು. ಅವರಿಗೂ ಹೀಗೇ ಆಗಿತ್ತು. ಅವರು ಮಾಡಿದ್ದು ಬೇರೆ. ಅವರ ಕಥೆಯನ್ನೇ ಈ ಸಲ ಬರೀತಿದೀವಿ.

ಹೊಂಗೇನಹಳ್ಳಿಯಿಂದ

ಮಾಸ್ತಿ ವೆಂಕಟೇಶ ಅಯ್ಯಂಗಾರ್ ಹುಟ್ಟಿದ್ದು 1891ರ ಜೂನ್ 6ರಂದು, ಮಾಲೂರು ತಾಲ್ಲೂಕಿನ ಹೊಂಗೇನಹಳ್ಳಿಯಲ್ಲಿ. ಹೆಸರಿನ ಮುಂದಿರುವ ಮಾಸ್ತಿ ಅದೇ ತಾಲ್ಲೂಕಿನ ಊರು. ಶ್ರೀವೈಷ್ಣವ ಕುಟುಂಬ, ಮನೆಮಾತು ತಮಿಳು. ನಮ್ಮ ಕೋಲಾರದ ಕಡೆ ಇದು ಯಾರಿಗೂ ಆಶ್ಚರ್ಯ ಆಗೋ ವಿಷಯ ಅಲ್ಲ. ನಮ್ಮ ಸಂಘದಲ್ಲೇ ಮುಳಬಾಗಿಲಿನವಳು ಮನೆಯಲ್ಲಿ ತೆಲುಗು ಮಾತಾಡ್ತಾಳೆ, ಮಾಲೂರಿನವನು ತಮಿಳು, ಎಲ್ಲರೂ ಸೇರಿದ್ರೆ ಕನ್ನಡ. ಶ್ರೀನಿವಾಸಪುರದ ಗೆಳೆಯನೊಬ್ಬ, ಮಾಸ್ತಿಯವರ ಕಾವ್ಯನಾಮ ಶ್ರೀನಿವಾಸ, ಹಾಗಾಗಿ ಅವರು ನಮ್ಮವರೇ ಅಂತ ವಾದ ಮಾಡ್ತಾನೆ. ಹೆಸರು ಬಂದಿದ್ದು ಊರಿಂದಲ್ಲ ಕಣೋ ಅಂದ್ರೂ ಕೇಳಲ್ಲ. ಮಾವಿನಹಣ್ಣು ತಂದುಕೊಡ್ತಾನೆ ಅಂತ ನಾವೂ ಸುಮ್ಮನಿರ್ತೀವಿ.

ಒಂದು ಕಾಲಕ್ಕೆ ಚೆನ್ನಾಗಿ ಬಾಳಿದ ಮನೆತನವಾದ್ರೂ ಇವರು ಹುಟ್ಟುವ ಹೊತ್ತಿಗೆ ಕೈ ಬರಿದಾಗಿತ್ತು. ಓದಿನಲ್ಲಿ ಮಾತ್ರ ಹುಡುಗ ಸದಾ ಮುಂದೆ. 1914ರಲ್ಲಿ ಮದ್ರಾಸಿನಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿದರು, ಚಿನ್ನದ ಪದಕದೊಂದಿಗೆ. ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆ ಪಾಸು ಮಾಡಿ ಸಂಸ್ಥಾನದ ಅಧಿಕಾರಿಯಾದರು. ಆ ಕಾಲಕ್ಕೆ ಅದಕ್ಕಿಂತ ದೊಡ್ಡ ಪ್ಲೇಸ್‌ಮೆಂಟ್ ಇರಲಿಲ್ಲ ಅಂತಲೇ ಹೇಳಬಹುದು.

ಅಸಿಸ್ಟೆಂಟ್ ಕಮಿಷನರ್ ಆಗಿ ಶುರುಮಾಡಿ, ಊರಿಂದ ಊರಿಗೆ ವರ್ಗವಾಗುತ್ತಾ, ಜಿಲ್ಲೆಯ ಡೆಪ್ಯುಟಿ ಕಮಿಷನರ್ ಆಗಿ, ಎಕ್ಸೈಸ್ ಕಮಿಷನರ್ ಹುದ್ದೆಯವರೆಗೂ ಏರಿದರು. ಸುಮಾರು ಮೂರು ದಶಕದ ನೌಕರಿ. ಮೈಸೂರು ಅರಸರು ಅವರಿಗೆ ಕೊಟ್ಟ ಬಿರುದು ರಾಜಸೇವಾಸಕ್ತ. ಅಂದ್ರೆ ರಾಜರ ಸೇವೆಯಲ್ಲೇ ಮನಸ್ಸಿಟ್ಟವರು.

ಆಫೀಸ್ ಮುಗಿದ ಮೇಲೆ

ಇಲ್ಲಿ ಒಂದು ವಿಷಯ ಗಮನಿಸಬೇಕು. ಮಾಸ್ತಿ ಆಫೀಸಿನ ಕೆಲಸವನ್ನು ಪೂರ್ತಿ ಮಾಡಿದರು, ಆದರೆ ಅವರು ಪೂರ್ತಿಯಾಗಿ ಆಫೀಸಿನವರಾಗಲಿಲ್ಲ. ಇಂಗ್ಲಿಷ್‌ನಲ್ಲಿ ಚಿನ್ನದ ಪದಕ ತಗೊಂಡವರು, ಬಿ.ಎಂ. ಶ್ರೀಕಂಠಯ್ಯನವರ ಪ್ರಭಾವದಲ್ಲಿ ಕನ್ನಡದಲ್ಲಿ ಬರೆಯೋಕೆ ಕೂತರು. 1920ರಲ್ಲಿ ಮೊದಲ ಪುಸ್ತಕ ಕೆಲವು ಸಣ್ಣಕತೆಗಳು ಬಂತು. ಕನ್ನಡದಲ್ಲಿ ಇವತ್ತು ನಾವು ಸಣ್ಣಕಥೆ ಅಂತ ಯಾವುದನ್ನ ಕರೀತೀವೋ ಅದಕ್ಕೆ ಗಟ್ಟಿ ಅಡಿಪಾಯ ಬಿದ್ದದ್ದು ಅವರಿಂದ. ಆಮೇಲೆ ಸುಬ್ಬಣ್ಣ, ಯಶೋಧರಾ, ಕಾಕನಕೋಟೆ ಎಲ್ಲವೂ ಬಂದದ್ದು ಸರ್ಕಾರಿ ಫೈಲುಗಳ ಮಧ್ಯೆಯೇ. 1929ರಲ್ಲಿ ಬೆಳಗಾವಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದಾಗ ವಯಸ್ಸು ಇನ್ನೂ ನಲವತ್ತು ಆಗಿರಲಿಲ್ಲ, ನೌಕರಿ ನಡೀತಾನೇ ಇತ್ತು.

ಎಕ್ಸಾಮ್ ಬಂದ್ರೆ ನಾವು ಗಿಟಾರ್ ಕ್ಲಾಸ್ ಬಿಡ್ತೀವಿ, ಲ್ಯಾಬ್ ರೆಕಾರ್ಡ್ ಇದೆ ಅಂತ ಪುಸ್ತಕ ಮುಚ್ಚಿಡ್ತೀವಿ. ಜಿಲ್ಲೆ ನಡೆಸುವ ಮನುಷ್ಯ ಬರವಣಿಗೆ ಬಿಡಲಿಲ್ಲ. ಅದು ಮುಂದೆ ಅವರಿಗೆ ಕಾಲೂರಲು ನೆಲವಾಯ್ತು ಅನ್ನೋದು ನಮ್ಮ ನಂಬಿಕೆ.

1943

ಅವರ ಹುದ್ದೆಯ ಮೇಲೆ ಉಳಿದಿದ್ದು ಮಂತ್ರಿಗೆ ಸಮನಾದ ಸ್ಥಾನ. ಸೇವಾಹಿರಿತನದ ಲೆಕ್ಕದಲ್ಲಿ ಅದು ಮಾಸ್ತಿಯವರಿಗೆ ಬರಬೇಕಿತ್ತು. ಬರಲಿಲ್ಲ. ಅವರಿಗಿಂತ ಕಿರಿಯರಾದವರನ್ನು ಮೇಲಕ್ಕೆ ಏರಿಸಲಾಯಿತು.

ಆಗ ಅವರಿಗೆ 52 ವರ್ಷ. ಮನೆಯಲ್ಲಿ ಪತ್ನಿ ಪಂಕಜಮ್ಮ, ಆರು ಹೆಣ್ಣುಮಕ್ಕಳ ಸಂಸಾರ. ಹೊರಗೆ ಎರಡನೇ ಮಹಾಯುದ್ಧ, ಎಲ್ಲದಕ್ಕೂ ಬೆಲೆ ಏರಿದ ಕಾಲ. ಇನ್ನು ಕೆಲವೇ ವರ್ಷ ಸುಮ್ಮನೆ ಕೂತಿದ್ರೆ ಗೌರವವಾಗಿ ನಿವೃತ್ತಿ ಆಗಬಹುದಿತ್ತು. ಯಾರೂ ಅವರನ್ನ ತಪ್ಪು ಅನ್ನುತ್ತಿರಲಿಲ್ಲ. ನಮ್ಮ ಮನೆಗಳಲ್ಲಿ ದೊಡ್ಡವರು ಹೇಳೋದೂ ಅದನ್ನೇ: ಸ್ವಲ್ಪ ಸಹಿಸ್ಕೋ, ಸರಿಹೋಗುತ್ತೆ, ಹೊಟ್ಟೆಪಾಡು ನೋಡು.

ಮಾಸ್ತಿ 1943ರಲ್ಲಿ ರಾಜೀನಾಮೆ ಕೊಟ್ಟರು. ರಾಜಸೇವಾಸಕ್ತ ಅಂತ ಬಿರುದು ಪಡೆದವರು ರಾಜಸೇವೆಯನ್ನೇ ಬಿಟ್ಟು ಹೊರಗೆ ಬಂದರು.

ಇದನ್ನ ಓದಿದಾಗ ನಮ್ಮಲ್ಲೇ ಜಗಳ ಆಯ್ತು. ಒಂದು ಬಡ್ತಿಗೋಸ್ಕರ ಕೆಲಸ ಬಿಡೋದಾ, ಅದು ಅಹಂಕಾರ ಅಲ್ವಾ ಅಂತ ಒಬ್ಬಳು ಕೇಳಿದಳು. ಒಳ್ಳೇ ಪ್ರಶ್ನೆ. ನಮಗೆ ಕೊನೆಗೆ ಹೊಳೆದಿದ್ದು ಇಷ್ಟು. ಬಡ್ತಿ ಸಿಗದೇ ಇರೋದು ಒಂದು ನಷ್ಟ. ಅನ್ಯಾಯ ಆಗಿದೆ ಅಂತ ಗೊತ್ತಿದ್ದೂ ಏನೂ ಆಗಿಲ್ಲ ಅನ್ನೋ ಹಾಗೆ ದಿನಾ ಬೆಳಿಗ್ಗೆ ಅದೇ ಕುರ್ಚಿಯಲ್ಲಿ ಹೋಗಿ ಕೂರೋದು ಎರಡನೇ ನಷ್ಟ. ಮೊದಲನೆಯದು ಬೇರೆಯವರು ಮಾಡಿದ್ದು. ಎರಡನೆಯದನ್ನ ನಾವೇ ನಮಗೆ ಮಾಡ್ಕೋತೀವಿ. ಮಾಸ್ತಿಯವರಿಗೆ ಮೊದಲನೆಯದನ್ನು ತಡೆಯೋಕೆ ಆಗಲಿಲ್ಲ. ಎರಡನೆಯದಕ್ಕೆ ಅವರು ಒಪ್ಪಲಿಲ್ಲ.

ನಮ್ಮ ಸೀನಿಯರ್ ಅಣ್ಣ ಕಳ್ಕೊಂಡಿದ್ದು ಏನು ಅಂತ ಆಮೇಲೆ ನಮಗೆ ಅರ್ಥ ಆಯ್ತು. ಸಂಬಳ ಸರಿಯಾಗೇ ಬರ್ತಿದೆ. ಹೋಗಿದ್ದು ಕವಿತೆ.

ಬಿಟ್ಟ ಮೇಲೆ ಬರೆದದ್ದು

ರಾಜೀನಾಮೆ ಕೊಟ್ಟವರ ಕಥೆಯನ್ನ ಜನ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲಿಸ್ತಾರೆ. ಆದ್ರೆ ಮಾಸ್ತಿ ಆಮೇಲೆ ಇನ್ನೂ 43 ವರ್ಷ ಬದುಕಿದ್ದರು! ನೌಕರಿ ಮಾಡಿದ್ದಕ್ಕಿಂತ ಹೆಚ್ಚು ವರ್ಷ ನೌಕರಿ ಬಿಟ್ಟು ಬಾಳಿದರು.

1944ರಿಂದ 1965ರವರೆಗೆ ಜೀವನ ಅನ್ನೋ ಮಾಸಪತ್ರಿಕೆಯ ಸಂಪಾದಕರಾಗಿದ್ದರು. ಕನ್ನಡದಲ್ಲಿ ಸಾಹಿತ್ಯದ ಮಾಸಪತ್ರಿಕೆ ನಡೆಸೋದು ಅಂದ್ರೆ ಎಷ್ಟು ಕಷ್ಟ ಅಂತ ಒಂದು ಆನ್‌ಲೈನ್ ಸಂಚಿಕೆಗೆ ಲೇಖನ ಬೇಡಿ ಅಲೆಯುವ ನಮಗೆ ಸ್ವಲ್ಪ ಗೊತ್ತು. ಅವರು 21 ವರ್ಷ ಮಾಡಿದರು.

ಅವರ ಎರಡು ದೊಡ್ಡ ಕಾದಂಬರಿಗಳೂ ಬಂದದ್ದು ನೌಕರಿ ಬಿಟ್ಟ ಮೇಲೇ. ಚೆನ್ನಬಸವನಾಯಕ ಬಿದನೂರಿನ ಕಥೆ. ರಾಣಿ ವೀರಮ್ಮಾಜಿಯ ಕಾಲದಲ್ಲಿ ಅರಮನೆ ಒಳಗೇ ಕೆಟ್ಟು, 1763ರಲ್ಲಿ ರಾಜ್ಯ ಹೈದರಾಲಿಯ ಕೈ ಸೇರಿತು. 1956ರಲ್ಲಿ ಬಂದ ಚಿಕವೀರ ರಾಜೇಂದ್ರ ಕೊಡಗಿನ ಕೊನೆಯ ದೊರೆಯ ಕಥೆ. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕೊಡಗನ್ನು ತೆಗೆದುಕೊಂಡಿತು. ದೊರೆ ಕಾಶಿಗೆ ಹೋದ, ಅಲ್ಲಿಂದ ಮಗಳ ಜೊತೆ ಲಂಡನ್‌ಗೆ, 1859ರಲ್ಲಿ ಅಲ್ಲೇ ತೀರಿಕೊಂಡ.

ಚಿಕವೀರ ರಾಜೇಂದ್ರವನ್ನು ನಾವು ಇತಿಹಾಸದ ಕಾದಂಬರಿ ಅಂತ ಓದೋಕೆ ಶುರುಮಾಡಿದ್ವಿ. ಅರ್ಧಕ್ಕೆ ಬರೋವಷ್ಟರಲ್ಲಿ ಇದು ಆಫೀಸಿನ ಕಥೆ ಅನಿಸಿಬಿಡ್ತು. ಮೇಲೆ ಕುಡಿತಕ್ಕೆ, ಸಿಟ್ಟಿಗೆ ಬಿದ್ದ ದೊರೆ. ಅವನ ಪಕ್ಕ ಬಾಲ್ಯದ ಸಂಗಾತಿ ಕುಂಟ ಬಸವ, ಅವನೂ ಮಂತ್ರಿ. ಕೆಳಗೆ ಬೋಪಣ್ಣ, ಲಕ್ಷ್ಮೀನಾರಾಯಣಯ್ಯನಂಥ ಮಂತ್ರಿಗಳು, ಒಳ್ಳೆಯವರು, ಕೆಲಸ ಬಲ್ಲವರು. ಎಲ್ಲರಿಗೂ ತಪ್ಪು ಕಾಣುತ್ತೆ. ಒಬ್ಬರು ನಿಷ್ಠೆ ಅಂತ ತಡ್ಕೋತಾರೆ, ಇನ್ನೊಬ್ಬರು ಒಳಗೊಳಗೇ ಕುದೀತಾರೆ. ರಾಣಿ ಗೌರಮ್ಮ ಒಡೆದದ್ದನ್ನೆಲ್ಲ ಜೋಡಿಸೋಕೆ ನೋಡ್ತಾಳೆ. ಹೇಳಬೇಕಾದ ಮಾತು ಹೇಳಬೇಕಾದ ಹೊತ್ತಿಗೆ ಹೇಳಬೇಕಾದವರಿಗೆ ತಲುಪೋದೇ ಇಲ್ಲ. ತಲುಪೋ ಹೊತ್ತಿಗೆ ಕಂಪನಿಯ ಸೈನ್ಯ ಬಾಗಿಲಿಗೆ ಬಂದಿರುತ್ತೆ. ಮಾಸ್ತಿ ಯಾರನ್ನೂ ಪೂರ್ತಿ ಕೆಟ್ಟವರು ಅಂತ ತೋರಿಸಲ್ಲ, ದೊರೆಯನ್ನ ಕೂಡ. ಮೂವತ್ತು ವರ್ಷ ಸರ್ಕಾರವನ್ನ ಒಳಗಿನಿಂದ ನೋಡಿದವರಿಗೆ ಮಾತ್ರ ಹೀಗೆ ಬರೆಯೋಕೆ ಸಾಧ್ಯ ಅನಿಸುತ್ತೆ ನಮಗೆ.

ಇದೇ ಕಾದಂಬರಿಗೆ 1983ರ ಜ್ಞಾನಪೀಠ ಪ್ರಶಸ್ತಿ ಬಂತು. ಕುವೆಂಪು, ಬೇಂದ್ರೆ, ಕಾರಂತರ ನಂತರ ಕನ್ನಡಕ್ಕೆ ನಾಲ್ಕನೆಯದು. ಬೆಂಗಳೂರಿನ ಗವೀಪುರದ ಮನೆ, ಬಸವನಗುಡಿ ಕ್ಲಬ್ಬು, ಅಲ್ಲಿ ಇಸ್ಪೀಟು, ಹೀಗೆ ತಮ್ಮ ಪಾಡಿಗೆ ತಾವಿದ್ದ ಹಿರಿಯರಿಗೆ ತೊಂಬತ್ತು ದಾಟಿದ ಮೇಲೆ ದೇಶದ ದೊಡ್ಡ ಗೌರವ ಬಂತು. 1986ರ ಜೂನ್ 6ರಂದು, ಅವರು ಹುಟ್ಟಿದ ದಿನವೇ, 95 ತುಂಬಿದ ದಿನ, ತೀರಿಕೊಂಡರು. ಮಂತ್ರಿಗೆ ಸಮನಾದ ಆ ಕುರ್ಚಿಯಲ್ಲಿ 1943ರಲ್ಲಿ ಕೂತವರ ಹೆಸರು ನಮ್ಮ ಸಂಘದಲ್ಲಿ ಒಬ್ಬರಿಗೂ ಗೊತ್ತಿಲ್ಲ.

ಎಲ್ಲರೂ ಬಿಡೋಕಾಗುತ್ತಾ?

ಇಲ್ಲ. ಇದನ್ನ ಪ್ರಾಮಾಣಿಕವಾಗಿ ಒಪ್ಕೋಬೇಕು. ಮಾಸ್ತಿಯವರಿಗೆ ಹೆಸರಿತ್ತು, ಓದಿತ್ತು, ಹುದ್ದೆಯ ತೂಕ ಇತ್ತು. ಅವರ ರಾಜೀನಾಮೆ ಪತ್ರವನ್ನ ಯಾರಾದ್ರೂ ಓದ್ತಿದ್ರು. ನಮ್ಮದೇ ಜಿಲ್ಲೆಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು, ಮುದ್ದೇನಹಳ್ಳಿ ಆಗ ಕೋಲಾರ ಜಿಲ್ಲೆಗೇ ಸೇರಿತ್ತು, ಭಿನ್ನಾಭಿಪ್ರಾಯ ಬಂದಾಗ 1918ರಲ್ಲಿ ದಿವಾನಗಿರಿಯನ್ನೇ ಬಿಟ್ಟರು. ಮುಳಬಾಗಿಲಿನ ಡಿ.ವಿ.ಜಿ. ಸರ್ಕಾರಿ ಕುರ್ಚಿಯ ಹಂಗಿಗೇ ಹೋಗದೆ ಪತ್ರಿಕೆ ನಡೆಸಿ ಬದುಕಿದರು. ಮಾಸ್ತಿ ಕೆಲಸ ಬಿಟ್ಟ 1943ರಲ್ಲೇ ಅವರ ಮಂಕುತಿಮ್ಮನ ಕಗ್ಗ ಪ್ರಕಟವಾಯಿತು. ಇವರೆಲ್ಲ ದೊಡ್ಡವರು. ತಿಂಗಳ ಸಂಬಳದಲ್ಲಿ ತಂಗಿಯ ಫೀಸು, ಅಪ್ಪನ ಬೋರ್‌ವೆಲ್ ಸಾಲ ಎರಡೂ ಕಟ್ಟಬೇಕಾದವರು ಏನು ಮಾಡಬೇಕು?

ನರಸಾಪುರ ನಮಗೆ ದೂರ ಇಲ್ಲ. 2020ರ ಡಿಸೆಂಬರ್ 12ರ ಬೆಳಿಗ್ಗೆ ಅಲ್ಲಿನ ವಿಸ್ಟ್ರಾನ್ ಐಫೋನ್ ಕಾರ್ಖಾನೆಯಲ್ಲಿ ಸಂಬಳದ ವಿಷಯಕ್ಕೆ ಕಾರ್ಮಿಕರ ಸಿಟ್ಟು ಸ್ಫೋಟಿಸಿ ಗಾಜು, ಯಂತ್ರ, ವಾಹನ ಪುಡಿಯಾದವು. ಒಡೆದದ್ದನ್ನ ನಾವು ಸರಿ ಅನ್ನಲ್ಲ. ಆದ್ರೆ ಕೆಲವರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಕೊಟ್ಟಿರಲಿಲ್ಲ ಅಂತ ಆಮೇಲೆ ಕಂಪನಿಯೇ ಒಪ್ಕೊಂಡಿತು, ಕ್ಷಮೆ ಕೇಳಿತು, ಒಬ್ಬ ಹಿರಿಯ ಅಧಿಕಾರಿಯನ್ನ ತೆಗೆಯಿತು. ಒಬ್ಬೊಬ್ಬರು ಒಂಟಿಯಾಗಿ ನುಂಗಿಕೊಂಡದ್ದು ಹಾಗೇ ಜೀರ್ಣ ಆಗಲ್ಲ, ಎಲ್ಲೋ ಒಂದು ಕಡೆ ಹೊರಗೆ ಬರುತ್ತೆ ಅನ್ನೋಕೆ ನಮಗೆ ಹತ್ತಿರದ ಉದಾಹರಣೆ ಅದು.

ಹಾಗಾಗಿ ಮಾಸ್ತಿಯವರಿಂದ ನಾವು ರಾಜೀನಾಮೆಯನ್ನಷ್ಟೇ ಕಲಿಯಬೇಕಾಗಿಲ್ಲ. ಅದಕ್ಕಿಂತ ಮುಂಚಿನ ಇಪ್ಪತ್ತಮೂರು ವರ್ಷಗಳನ್ನ ಕಲೀಬೇಕು. 1920ರಲ್ಲಿ ಮೊದಲ ಪುಸ್ತಕ, 1943ರಲ್ಲಿ ರಾಜೀನಾಮೆ. ಅಷ್ಟೂ ಕಾಲ ಅವರು ಆಫೀಸಿನ ಆಚೆ ತಮಗೊಂದು ಬದುಕು ಇಟ್ಕೊಂಡಿದ್ದರು. ನಾನು ಅಂದ್ರೆ ನನ್ನ ಹುದ್ದೆ ಅಷ್ಟೇ ಅಂತ ಆಗಿಬಿಟ್ಟವರಿಗೆ ಬಾಯಿ ತೆರೆಯೋದು ಕಷ್ಟ, ಯಾಕಂದ್ರೆ ಹುದ್ದೆ ಹೋದ್ರೆ ಉಳಿಯೋದು ಏನೂ ಇರಲ್ಲ. ಇನ್ನೊಂದು ನೆಲ ಇದ್ದವರು ಬಿಡಬಹುದು, ಬಿಡೋಕಾಗದಿದ್ರೂ ಕನಿಷ್ಠ ಇದು ನಾನು ಮಾಡಿದ ಕೆಲಸ ಅಂತ ಹೇಳಬಹುದು.

ಈ ಲೇಖನದ ಮೊದಲ ಪ್ರತಿಯನ್ನ ಆ ಸೀನಿಯರ್ ಅಣ್ಣನಿಗೆ ಕಳಿಸಿದ್ವಿ, ಅವರ ವಿಷಯ ಹಾಕಬಹುದಾ ಅಂತ ಕೇಳೋಕೆ. ಎರಡು ದಿನ ಉತ್ತರ ಬರಲಿಲ್ಲ. ಆಮೇಲೆ ಹೆಸರು ಬೇಡ, ಉಳಿದದ್ದು ಹಾಕಿ ಅಂತ ಮೆಸೇಜ್ ಬಂತು. ಅವರು ಇನ್ನೂ ಅದೇ ಕೆಲಸದಲ್ಲಿದ್ದಾರೆ. ಮಾಸ್ತಿ ಗ್ರಾಮದಲ್ಲಿ ಮಾಸ್ತಿಯವರ ಮನೆ ಈಗ ಗ್ರಂಥಾಲಯ ಆಗಿದೆ. ಸೆಮಿಸ್ಟರ್ ಮುಗಿದ ಮೇಲೆ ನಾವೆಲ್ಲ ಒಂದು ಭಾನುವಾರ ಅಲ್ಲಿಗೆ ಹೋಗ್ತಿದೀವಿ. ಅವರನ್ನೂ ಕರೆದಿದೀವಿ. ಬರ್ತೀನಿ ಅಂದಿದಾರೆ. ಮುಂದಿನ ಸಂಚಿಕೆಯಲ್ಲಿ ಅವರಿಗೆ ಒಂದು ಪುಟ ಖಾಲಿ ಇಟ್ಟಿರ್ತೀವಿ.