ಮೊದಲು ಊಟ, ಆಮೇಲೆ ಪಾಠ

ಮಕ್ಕಳೇ, ಫುಡ್ ಬ್ಯಾಂಕಿಗೆಂದು ನಿಮ್ಮ ಶಾಲೆಗಳಲ್ಲಿ ಆಹಾರದ ಡಬ್ಬಿಗಳನ್ನು ಕೂಡಿಸುವುದನ್ನು ನೀವು ನೋಡಿರುತ್ತೀರಿ. ಹಸಿದವರಿಗೆ ಉಣಬಡಿಸುವ ಈ ಕೆಲಸಕ್ಕೆ ನಮ್ಮ ನಾಡಿನಲ್ಲಿ ದಾಸೋಹ ಎಂಬ ಹೆಸರಿದೆ. 12ನೇ ಶತಮಾನದಲ್ಲಿ ಕಲ್ಯಾಣದ ಬಸವಣ್ಣನವರೂ ಜೊತೆಗಿದ್ದ ಶರಣರೂ ದುಡಿದು ಬದುಕಬೇಕು, ದುಡಿದದ್ದನ್ನು ಹಂಚಿ ಉಣ್ಣಬೇಕು ಎಂದು ಸಾರಿದರು. ಬಡಿಸುವವನು ಸೇವಕ, ಉಣ್ಣುವವನಿಗಿಂತ ಮೇಲಿನವನಲ್ಲ. ಆದ್ದರಿಂದ ಅನ್ನ ಇಕ್ಕುವ ಮುಂಚೆ ಬಂದವನ ಯೋಗ್ಯತೆಯನ್ನು ಅಳೆಯುವಂತಿಲ್ಲ. ಇದು ಬರೀ ಆದರ್ಶದ ಮಾತಲ್ಲ, ನಡೆಸಿ ತೋರಿಸಬಹುದಾದ ರೀತಿ ಎಂಬುದಕ್ಕೆ ತುಮಕೂರಿನ ಸಿದ್ಧಗಂಗಾ ಮಠವೇ ಸಾಕ್ಷಿ.

ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರ ಏಪ್ರಿಲ್ 1ರಂದು ಹುಟ್ಟಿದ ಶಿವಕುಮಾರ ಸ್ವಾಮೀಜಿ 1941ರಲ್ಲಿ ಈ ಮಠದ ಹೊಣೆ ಹೊತ್ತರು. ಆಗ ಮಠಕ್ಕೆ ಹೇಳಿಕೊಳ್ಳುವಂಥ ಸಿರಿಯಿರಲಿಲ್ಲ. ಸ್ವಾಮೀಜಿ ಹಳ್ಳಿಹಳ್ಳಿ ಸುತ್ತಿ ಭಿಕ್ಷೆ ಎತ್ತಿದರು. ರೈತರು ತಮ್ಮ ಕಣದ ರಾಗಿಯಲ್ಲಿ ಪಾಲು ಕೊಟ್ಟರು. ಅವರ ಕಾಲದಲ್ಲೇ ಜಾತಿ ಮತ ಕೇಳದೆ ಸುಮಾರು 10,000 ಮಕ್ಕಳಿಗೆ ಅಲ್ಲಿ ಊಟ, ವಸತಿ, ವಿದ್ಯೆ ಉಚಿತವಾಗಿ ಸಿಗುವಂತಾಯಿತು. ಇಷ್ಟು ಮಕ್ಕಳಿಗೆ ದಿನವೂ ಮುದ್ದೆ, ಅನ್ನ, ಸಾರು ಆಗಬೇಕೆಂದರೆ ಅಡುಗೆಮನೆ ಬೆಳಗಿನ ಜಾವಕ್ಕೇ ಏಳಬೇಕು. ದೊಡ್ಡ ದೊಡ್ಡ ಪಾತ್ರೆಗಳಲ್ಲಿ ಬೇಯಿಸಿದರೂ ಸಾಲುಸಾಲು ಪಂಕ್ತಿಗಳು ಏಳುತ್ತಲೇ ಇರುತ್ತವೆ. 2019ರ ಜನವರಿ 21ರಂದು ಸ್ವಾಮೀಜಿ 111ನೇ ವಯಸ್ಸಿನಲ್ಲಿ ತೀರಿಕೊಂಡಾಗ, ಮಕ್ಕಳ ಊಟ ಮುಗಿದ ಮೇಲೆಯೇ ಆ ಸುದ್ದಿಯನ್ನು ಹೊರಗೆ ತಿಳಿಸಲಾಯಿತು. ಅದು ಅವರದೇ ಇಚ್ಛೆಯಾಗಿತ್ತು.

ಬಿಟ್ಟಿ ಊಟ ಹಾಕಿದರೆ ಜನ ಸೋಮಾರಿಗಳಾಗುತ್ತಾರೆ ಎನ್ನುವವರು ನಮ್ಮ ನಾಡಿನಲ್ಲೂ ಇದ್ದಾರೆ, ನೀವಿರುವಲ್ಲೂ ಇದ್ದಾರೆ. ಸಿದ್ಧಗಂಗೆಯ ಮಕ್ಕಳನ್ನು ನೋಡಿದರೆ ಈ ಮಾತು ನಿಲ್ಲುವುದಿಲ್ಲ. ಉಂಡ ಹುಡುಗ ಪುಸ್ತಕ ಹಿಡಿಯುತ್ತಾನೆ, ಕಲಿತು ತನ್ನ ಕಾಲ ಮೇಲೆ ನಿಲ್ಲುತ್ತಾನೆ. ಹೊಟ್ಟೆ ಹಸಿದವನಿಗೆ ಪಾಠ ತಲೆಗೆ ಹತ್ತುವುದಿಲ್ಲ. ಹಸಿವು ನೀಗಿಸುವುದು ಸರ್ಕಾರದ ಕೆಲಸವಲ್ಲವೇ ಎಂಬ ಇನ್ನೊಂದು ಪ್ರಶ್ನೆಗೆ ತೂಕ ಹೆಚ್ಚು. ಹೌದು, ಸರ್ಕಾರದ ಕೆಲಸವೇ. ಶಾಲೆಗಳಲ್ಲಿ ಬಿಸಿಯೂಟ ಕೊಡಬೇಕೆಂದು 2001ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. 2002ರಲ್ಲಿ ಕರ್ನಾಟಕ ಸರ್ಕಾರ ಅದನ್ನು ಶುರುಮಾಡಿದಾಗ ಯೋಜನೆಗೆ ಇಟ್ಟ ಹೆಸರು ಅಕ್ಷರ ದಾಸೋಹ. ಮಠ ನಡೆದ ದಾರಿಯಲ್ಲೇ ಸರ್ಕಾರವೂ ಹೆಜ್ಜೆಯಿಟ್ಟಿತು ಎಂದೇ ನಾನು ತಿಳಿಯುತ್ತೇನೆ. ಆದರೂ ಯೋಜನೆಯ ಪಟ್ಟಿಯಲ್ಲಿ ಹೆಸರಿಲ್ಲದವನು, ಮನೆ ವಿಳಾಸವೇ ಇಲ್ಲದವನು ಯಾವ ಊರಿನಲ್ಲೂ ಇದ್ದೇ ಇರುತ್ತಾನೆ. ಅಂಥವನಿಗೆ ಬಾಗಿಲು ತೆರೆಯಲು ಮಠವೋ ಗುರುದ್ವಾರವೋ ಚರ್ಚಿನ ಅಡುಗೆಮನೆಯೋ ಬೇಕೇ ಬೇಕು.

ತಾಯಂದಿರೇ, ತಂದೆಯರೇ, ಸ್ವಾಮೀಜಿ ತೀರಿಕೊಂಡ ದಿನ ಬರುವ ಜನವರಿ 21ರ ವಾರ ಮಕ್ಕಳನ್ನು ನಿಮ್ಮೂರಿನ ಫುಡ್ ಬ್ಯಾಂಕಿಗೋ ಉಚಿತ ಊಟದ ಮನೆಗೋ ಕರೆದುಕೊಂಡು ಹೋಗಿ. ಡಬ್ಬಿ ಕೊಟ್ಟು ಬಂದುಬಿಡಬೇಡಿ. ಒಂದು ಹೊತ್ತು ಮಕ್ಕಳೇ ತಮ್ಮ ಕೈಯಾರೆ ಬಡಿಸಲಿ.