ಮಹಾವೀರಾಚಾರ್ಯರ ಸಂಖ್ಯಾಹಾರ

ನಮ್ಮ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯಲ್ಲಿ ಮಹಾವೀರನೆಂದೊಡನೆ ಬಸದಿಯಲ್ಲಿ ಪೂಜೆಗೊಳ್ಳುವ ತೀರ್ಥಂಕರನೇ ಎಲ್ಲರಿಗೂ ನೆನಪಾಗುವನು. ಅದೇ ಹೆಸರಿನ ಗಣಿತಜ್ಞರೊಬ್ಬರು ಕನ್ನಡ ನಾಡಿನಲ್ಲಿ ಬಾಳಿದ್ದರೆಂಬುದು ನನಗೆ ತಿಳಿದದ್ದು ಪದವಿಯ ಈ ಕೊನೆಯ ವರ್ಷದಲ್ಲಿ. ಗಣಿತಕ್ಕೆ ಅಂಜಿ ಕಲಾ ವಿಭಾಗವನ್ನು ಸೇರಿದವನು ನಾನು. ನನ್ನ ಬರಹದಲ್ಲಿ ದೋಷವಿದ್ದರೆ ಬಲ್ಲವರು ಮನ್ನಿಸಬೇಕು.

ಮಹಾವೀರಾಚಾರ್ಯರು ಒಂಬತ್ತನೆಯ ಶತಮಾನದವರು, ಜೈನ ವಿದ್ವಾಂಸರು. ಮಾನ್ಯಖೇಟ, ಎಂದರೆ ಇಂದಿನ ಮಳಖೇಡದಿಂದ ಆಳಿದ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನನ್ನು ತಮ್ಮ 'ಗಣಿತಸಾರಸಂಗ್ರಹ'ದ ಆರಂಭದಲ್ಲಿ ಮನಸಾರೆ ಕೊಂಡಾಡಿದ್ದಾರೆ. ದೊರೆಯನ್ನು ಹೊಗಳಿದ ಈ ಮಹನೀಯರು ತಮ್ಮ ತಂದೆತಾಯಿಗಳ ಹೆಸರನ್ನಾಗಲಿ ಹುಟ್ಟೂರನ್ನಾಗಲಿ ಹೇಳಿಕೊಳ್ಳಲಿಲ್ಲ. ಅವರ ಬಾಳನ್ನು ಅವರ ಲೆಕ್ಕಗಳಲ್ಲಿಯೇ ಹುಡುಕಬೇಕು.

ಆಚಾರ್ಯರು ಏಕದಿಂದ ಮಹಾಕ್ಷೋಭದವರೆಗೆ ೨೪ ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾರೆ. ನನ್ನ ತಾಯಿ ನಿಪ್ಪಾಣಿಯ ತಂಬಾಕಿನಿಂದ ಬೀಡಿ ಕಟ್ಟುವವಳು. ಕೂಲಿ ಸಾವಿರಕ್ಕೆ ಇಷ್ಟೆಂದು ಗೊತ್ತು, ನಮ್ಮ ಮನೆಯ ಎಣಿಕೆ ಅಲ್ಲಿಗೆ ನಿಲ್ಲುತ್ತದೆ. ಆಚಾರ್ಯರ ಸಂಖ್ಯೆಯೊಂದನ್ನು ನಾನು ಅವಳಿಗೆ ಓದಿ ಹೇಳಿದೆನು: ಒಂದು ಅರ್ಬುದ, ಎರಡು ಶತಕೋಟಿ, ಮೂರು ದಶಕೋಟಿ, ನಾಲ್ಕು ಕೋಟಿ, ಐದು ದಶಲಕ್ಷ, ಆರು ಲಕ್ಷ, ಮತ್ತೆ ಇಳಿಯುತ್ತ ಐದು ದಶಸಹಸ್ರ, ನಾಲ್ಕು ಸಹಸ್ರ, ಮೂರು ಶತ, ಎರಡು ದಶ, ಒಂದು. ಇಷ್ಟೊಂದು ಬೀಡಿ ಕಟ್ಟುವವರು ಯಾರಪ್ಪಾ ಎಂದು ಅವಳು ನಕ್ಕಳು.

೧೨೩೪೫೬೫೪೩೨೧. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಆಚಾರ್ಯರು ಗುಣಾಕಾರದ ಪ್ರಕರಣದಲ್ಲಿ ಇಂಥ ಫಲಗಳನ್ನು ಕೊರಳ ಹಾರಕ್ಕೆ ಹೋಲಿಸಿದ್ದಾರೆ. ೨೭೯೯೪೬೮೧ನ್ನು ೪೪೧ರಿಂದ ಗುಣಿಸಿದರೆ ಈ ಹಾರ ದೊರೆಯುತ್ತದೆ. ಗುಟ್ಟನ್ನು ಒಡೆಯಲು ನನಗೆ ಒಂದು ಸಂಜೆ ಹಿಡಿಯಿತು. ಮೊದಲನೆಯದು ೫೨೯೧ರ ವರ್ಗ, ಎರಡನೆಯದು ೨೧ರ ವರ್ಗ. ೫೨೯೧ನ್ನು ೨೧ರಿಂದ ಗುಣಿಸಿದರೆ ೧೧೧೧೧೧. ಆದುದರಿಂದ ಹಾರವು ೧೧೧೧೧೧ರ ವರ್ಗವೇ ಸರಿ. ಆರು ಒಂದುಗಳ ಸಾಲನ್ನು ಆರು ಸಲ, ಪ್ರತಿ ಸಲವೂ ಒಂದು ಮನೆ ಸರಿಸಿ ಬರೆದು ಕೂಡಿಸಿರಿ. ನಡುವಿನ ಕಂಬದಲ್ಲಿ ಆರು ಒಂದುಗಳು, ಅಂಚುಗಳಲ್ಲಿ ಒಂದೊಂದೇ. ಒಂಬತ್ತು ಒಂದುಗಳವರೆಗೂ ಹಾರ ಹೀಗೆಯೇ ಬೆಳೆಯುತ್ತದೆ. ಹತ್ತಕ್ಕೆ ನಡುವೆ ದಶಕ ಬಂದು ದಾರ ಹರಿಯುತ್ತದೆ! ಇನ್ನೊಂದು ಹಾರ ಇದಕ್ಕಿಂತ ಸುಲಭ: ೧೨೩೪೫೬೭೯ನ್ನು ೯ರಿಂದ ಗುಣಿಸಿದರೆ ಒಂಬತ್ತು ಒಂದುಗಳು.

ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಆಚಾರ್ಯರು ಸ್ಪಷ್ಟವಾಗಿ ಹೇಳಿದರು. ಆದರೆ ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದೆಂದು ಅವರು ಬರೆದದ್ದು ತಪ್ಪು. ಅಭಿಮಾನದಿಂದ ಇದನ್ನು ಮುಚ್ಚಿಡುವುದು ನನಗೆ ಒಪ್ಪಿಗೆಯಿಲ್ಲ.

ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು. ಸಂಸ್ಕೃತ ಮೂಲವು ಓಲೆಗರಿಗಳಲ್ಲಿ ಉಳಿದು, ೧೯೧೨ರಲ್ಲಿ ಎಂ. ರಂಗಾಚಾರ್ಯರಿಂದ ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಅಚ್ಚಾಯಿತು. ಅವರಿಗೆ ನೆರವಾದ ಪ್ರತಿಗಳಲ್ಲಿ ಕನ್ನಡ ಲಿಪಿಯವೂ ಇದ್ದವು.